ಚರ್ಚ್ ಸಭೆಯ ದಿನಸಿ ನೆರವನ್ನು ಕುಟುಂಬಗಳು ನಿರಾಕರಿಸುತ್ತಿರುವುದರ ಬಗ್ಗೆ
ಕೆಲಸ ಕಳೆದುಕೊಂಡ ಕೆಜಿಎಫ್ (ಕೋಲಾರ ಚಿನ್ನದ ಗಣಿ) ಪಟ್ಟಣದ ಕುಟುಂಬಗಳು ನಿಮ್ಮ ಸಭೆಯ ದಿನಸಿ ಚೀಲವನ್ನು ಬೇಡವೆನ್ನಲು ಬಹುಶಃ ನೀವು ವಾಟ್ಸ್ಆಪ್‌ನಲ್ಲಿ ಹಾಕಿದ ವಿತರಣೆಯ ಫೋಟೊಗಳೇ ಕಾರಣ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ರೈಲು ಹಿಡಿದು ಬೆಂಗಳೂರಿನಲ್ಲಿ ದುಡಿದು ಬದುಕಿದವರಿಗೆ, ಕೈಚಾಚಿ ನಿಂತ ತಮ್ಮ ಚಿತ್ರ ಊರಿಡೀ ಹರಿದಾಡುವುದನ್ನು ಸಹಿಸುವುದು ಕಷ್ಟ. ಮೊದಲು ಆ ಫೋಟೊಗಳನ್ನು ಅಳಿಸಿರಿ. ಬಳಿಕ ಸಭೆಯ ಹಿರಿಯರೊಬ್ಬರು ಮನೆಮನೆಗೆ ಹೋಗಿ, ಸಮಜಾಯಿಷಿ ಕೊಡದೆ, ಕ್ಷಮೆ ಕೇಳಲಿ. ಅನಂತರ, ನಮ್ಮ ಸಭೆ ಮಾಡಿದಂತೆ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಅಂಗಡಿಯೊಂದರಲ್ಲಿ ಮುಂಗಡ ಹಣ ಕಟ್ಟಿ, ಅಕ್ಕಿ, ಬೇಳೆ, ಎಣ್ಣೆಯನ್ನು ಅವರೇ ಆರಿಸಿಕೊಳ್ಳುವಂತೆ ಮಾಡಿರಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ ಬೈಬಲಿನ ಮತ್ತಾಯ 6:3ರ ಮಾತು ಅಲ್ಲಿ ನಡೆಯುತ್ತದೆ. ದಾನಿಗಳು ಲೆಕ್ಕ ಕೇಳಿದರೆ (ಕೇಳಿಯೇ ಕೇಳುತ್ತಾರೆ) ಅಂಗಡಿಯ ರಸೀದಿ ಸಾಕು. ಎಲ್ಲರೂ ಒಪ್ಪುವರೆಂದು ಹೇಳಲಾರೆ; ಒಪ್ಪದವರನ್ನು ಒತ್ತಾಯಿಸದೆ, ಅವರ ಹೆಸರಿನ ಖಾತೆಯನ್ನು ಅಂಗಡಿಯಲ್ಲಿ ಹಾಗೆಯೇ ಇರಿಸಿರಿ.