ಗಾಳದ ಮಾತು: ಫ್ಲೋರೋಕಾರ್ಬನ್ ಒಂದು ಮಾರು ಸಾಕು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫ್ಲೋರೋಕಾರ್ಬನ್ ಅನ್ನುವ ಗಾಳದ ದಾರದ ಬಗ್ಗೆಯೇ ಇವೆ. ಅಂಗಡಿಗೆ ಬರುವವರೂ ದಿನಾ ಇದನ್ನೇ ಕೇಳುತ್ತಾರೆ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ. ನಾನು ದಾರ ಮಾರಿ ಬದುಕುವವನು. ಕಡಿಮೆ ತಗೊಳ್ಳಿ ಅಂತ ನಾನೇ ಹೇಳಿದರೆ ನಂಬಬಹುದು, ಅಲ್ವಾ?

ನಾನು ಊರ ಕೆರೆಯಲ್ಲಿ ಬೆಂಡು ಕಟ್ಟಿ, ಹಿಟ್ಟಿನ ಉಂಡೆ ಹಾಕಿ ಕಟ್ಲಾ, ರೋಹು ಹಿಡಿಯುತ್ತೇನೆ. ರೀಲಿನಲ್ಲಿರುವುದು ನೈಲಾನ್ ದಾರ. ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣುವುದೇ ಇಲ್ಲ, ರೀಲ್ ಪೂರ್ತಿ ಅದನ್ನೇ ತುಂಬಿಸಿ ಅಂತ ಅಂಗಡಿಯವರು ಹೇಳಿದರು. ರೇಟು ಕೇಳಿ ಸುಮ್ನೆ ಬಂದೆ. ತಗೊಳ್ಳಲಾ?
*— ಓದುಗರು, ಮಂಡ್ಯ*

ತುಂಬಿಸಬೇಡಿ ಸರ್. ನಿಮ್ಮ ನೀರಿಗೆ, ನಿಮ್ಮ ಮೀನಿಗೆ ನೈಲಾನೇ ಒಳ್ಳೆಯದು.

ಆ 'ಕಾಣುವುದೇ ಇಲ್ಲ' ಅನ್ನುವ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದಾರದೊಳಗೆ ಹೊಕ್ಕ ಬೆಳಕು ನೀರಿನಲ್ಲಿದ್ದದ್ದಕ್ಕಿಂತ ಬೇರೆ ಥರ ಬಾಗುತ್ತದೆ. ಅದಕ್ಕೇ ದಾರ ಕಣ್ಣಿಗೆ ಬೀಳುತ್ತದೆ. ಹೈಸ್ಕೂಲಿನಲ್ಲಿ ವಕ್ರೀಭವನ ಸೂಚ್ಯಂಕ ಅಂತ ಓದಿರುತ್ತೀರಲ್ಲ, ಅದೇ ಲೆಕ್ಕ. ನೀರಿನದು 1.33, ಫ್ಲೋರೋಕಾರ್ಬನ್‌ನದು ಸುಮಾರು 1.42, ನೈಲಾನ್‌ನದು 1.5ರ ಮೇಲೆ. ನೀರಿನ ಅಂಕಿಗೆ ಹತ್ತಿರ ಬಂದಷ್ಟೂ ದಾರ ಮಸುಕು. ಫ್ಲೋರೋಕಾರ್ಬನ್ ಹತ್ತಿರ ಬಂದಿದೆ, ಮಾಯವೇನೂ ಆಗಿಲ್ಲ. ಅದೂ ತಿಳಿನೀರಿನ ಮಾತಾಯಿತು. ಮೊಣಕೈವರೆಗೆ ಕೈ ಮುಳುಗಿಸಿದರೆ ಬೆರಳು ಕಾಣದ ಕೆರೆಯಲ್ಲಿ 1.42 ಆದರೇನು, 1.5 ಆದರೇನು!

ಬೆಂಡು ಕಟ್ಟುವವರಿಗೆ ಇನ್ನೊಂದು ತೊಂದರೆ ಇದೆ. ಫ್ಲೋರೋಕಾರ್ಬನ್ ನೀರಿಗಿಂತ 1.78 ಪಟ್ಟು ಭಾರ. ನೈಲಾನ್ 1.14 ಪಟ್ಟು ಮಾತ್ರ. ರಾಡಿನಿಂದ ಬೆಂಡಿನವರೆಗಿನ ದಾರವೆಲ್ಲ ಜೋತು ಮುಳುಗಿಬಿಡುತ್ತದೆ. ಬೆಂಡು ಕುಣಿಯಿತು ಅಂತ ನೀವು ಎಳೆದರೆ ಮೊದಲು ಆ ಜೋಲು ಎತ್ತಬೇಕು, ಆಮೇಲೆ ಕೊಕ್ಕೆ ಕಚ್ಚಬೇಕು. ಅಷ್ಟರಲ್ಲಿ ರೋಹು ಹಿಟ್ಟು ಉಗಿದು ಹೋಗಿರುತ್ತದೆ. ಜೊತೆಗೆ ಈ ದಾರ ಬಿರುಸು. ಸಣ್ಣ ಸ್ಪಿನ್ನಿಂಗ್ ರೀಲಿಗೆ ತುಂಬಿದರೆ ಸ್ಪೂಲಿನ ಸುತ್ತು ಹಾಗೇ ಉಳಿದು, ಎಸೆದಾಗ ಸುರುಳಿ ಸುರುಳಿಯಾಗಿ ಹಾರಿ ರಾಡಿನ ಮೊದಲ ಗೈಡಿಗೇ, ಅಂದರೆ ದಾರ ಹಾಯುವ ಉಂಗುರಕ್ಕೇ, ಸಿಕ್ಕಿಕೊಳ್ಳುತ್ತದೆ.

ನೈಲಾನಿಗೂ ದೋಷ ಇದೆ. ನೀರು ಹೀರುತ್ತದೆ, ನೆಂದ ಮೇಲೆ ಬಲ ಸ್ವಲ್ಪ ಕುಗ್ಗುತ್ತದೆ, ಬಿಸಿಲಿಗೂ ಸೋಲುತ್ತದೆ. ಫ್ಲೋರೋಕಾರ್ಬನ್ ಎರಡಕ್ಕೂ ಜಗ್ಗುವುದಿಲ್ಲ. ಆದರೂ ವರ್ಷಕ್ಕೊಮ್ಮೆ ಹೊಸ ನೈಲಾನ್ ಹಾಕಿಕೊಂಡರೆ ನಿಮಗೆ ಖರ್ಚು ಕಡಿಮೆಯೇ.

ನದಿಯಲ್ಲಿ ಬಂಡೆ ಜಾಸ್ತಿ. 20 ಪೌಂಡ್ ಬಲದ ಬ್ರೇಡ್‌ಗೆ (ಹೆಣೆದ ದಾರ) ಫ್ಲೋರೋಕಾರ್ಬನ್ ಲೀಡರ್, ಅಂದರೆ ಕೊಕ್ಕೆಯ ಕಡೆಯ ತುಂಡು ದಾರ, ಕಟ್ಟುತ್ತೇನೆ. ಒಳ್ಳೆ ಮೀನು ಬಿದ್ದಾಗಲೇ ಗಂಟಿನ ಹತ್ತಿರ ಪಟ್ ಅಂತ ಹೋಗುತ್ತೆ. ದಾರ ಕೆಟ್ಟದ್ದಾ, ನನ್ನ ಕೈ ಕೆಟ್ಟದ್ದಾ?
*— ಓದುಗರು, ಕುಶಾಲನಗರ*

ತುಂಡಾದ ತುದಿ ನೋಡಿದಿರಾ? ಅದನ್ನು ಎಸೆಯಬೇಡಿ, ಬೆಳಕಿಗೆ ಹಿಡಿಯಿರಿ. ತುದಿ ಸುರುಳಿ ಸುತ್ತಿಕೊಂಡಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿ ಬಿಚ್ಚಿಕೊಂಡಿದೆ. ತುದಿಯ ಮೇಲಿನ ಒಂದೆರಡು ಇಂಚು ಬೆಳ್ಳಗೆ, ಮುಟ್ಟಿದರೆ ತರಿತರಿ ಅನ್ನಿಸಿದರೆ ಬಂಡೆಗೆ ಉಜ್ಜಿದೆ. ಸುರುಳಿಯೂ ಇಲ್ಲ, ತರಿಯೂ ಇಲ್ಲ, ಗಂಟು ಇದ್ದಲ್ಲೇ ಕತ್ತರಿಸಿದ ಹಾಗಿದೆ ಅಂದರೆ ಬಿಗಿಯುವಾಗಲೇ ಪೆಟ್ಟಾಗಿದೆ. ನಿಮ್ಮ ಪತ್ರ ಓದಿದರೆ ಈ ಮೂರನೆಯದೇ ಅನ್ನಿಸುತ್ತದೆ.

ನೈಲಾನ್ ಮೆತ್ತಗೆ. ಹೇಗೆ ಕಟ್ಟಿದರೂ ಕಚ್ಚಿಕೊಂಡು ಕೂರುತ್ತದೆ. ಫ್ಲೋರೋಕಾರ್ಬನ್ ಮೈ ಗಟ್ಟಿ. ಒಣಗಿದ ಗಂಟನ್ನು ಜೋರಾಗಿ ಎಳೆದರೆ ಉಜ್ಜಿ ಬಿಸಿಯಾಗಿ ಅಲ್ಲೇ ಹಾಳಾಗುತ್ತದೆ. ಗಂಟು ಸಡಿಲ ಇರುವಾಗಲೇ ಎಂಜಲು ಹಚ್ಚಿ. ಒಂದೇ ಸಮ ಮೆಲ್ಲಗೆ ಎಳೆಯಿರಿ. ಸುತ್ತುಗಳು ಪಕ್ಕಪಕ್ಕ ಸಾಲಾಗಿ ಕೂರಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದರೆ ಮೇಲಿನದು ಕೆಳಗಿನದನ್ನು ಕುಯ್ಯುತ್ತದೆ. ಹಾಗಾದರೆ ನಾಚಿಕೆ ಇಲ್ಲದೆ ಕತ್ತರಿಸಿ ಮತ್ತೆ ಕಟ್ಟಿ. ಕೊಕ್ಕೆಗೆ ಕ್ಲಿಂಚ್ ಗಂಟು ಹಾಕುವವರು ನೈಲಾನಿಗೆ ಆರೇಳು ಸುತ್ತು ಸುತ್ತುತ್ತಾರೆ. ದಪ್ಪ ಫ್ಲೋರೋಕಾರ್ಬನ್‌ಗೆ ನಾಲ್ಕೈದು ಸಾಕು, ಜಾಸ್ತಿ ಆದರೆ ಬಿಗಿಯುವುದೇ ಇಲ್ಲ. ನನಗೆ ಪ್ಯಾಲೊಮರ್ ಗಂಟು ಇಷ್ಟ.

ಬ್ರೇಡಿಗೆ ಲೀಡರ್ ಸೇರಿಸಲು ಡಬಲ್ ಯೂನಿ ಗಂಟು ಸುಲಭ. ಬ್ರೇಡ್ ಜಾರುವ ದಾರ, ಅದಕ್ಕೆ ಎಂಟು ಸುತ್ತು. ಫ್ಲೋರೋಕಾರ್ಬನ್ ಕಡೆಗೆ ನಾಲ್ಕು. ಎಫ್‌ಜಿ ಗಂಟು ಇನ್ನೂ ಸಣ್ಣದು, ಗೈಡುಗಳೊಳಗೆ ತಡೆಯದೆ ಜಾರುತ್ತದೆ. ಆದರೆ ಅದನ್ನು ಮನೆಯಲ್ಲಿ ಫ್ಯಾನ್ ಆಫ್ ಮಾಡಿಕೊಂಡು ಕೂತು ಕಲಿಯಿರಿ. ಹೊಳೆ ದಂಡೆಯಲ್ಲಿ ಗಾಳಿಗೆ ಕಲಿಯಲು ಹೋದರೆ ಸಂಜೆಯಾಗುತ್ತದೆ.

ಬಂಡೆ ನೀರಿಗೆ ಲೀಡರ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬ್ರೇಡ್ ಅಂದರೆ ಪಾಲಿಥಿಲೀನ್ ಎಳೆಗಳ ಜಡೆ. ನೇರ ಎಳೆತಕ್ಕೆ ಗಟ್ಟಿ, ಆದರೆ ಬಿಗಿಯಾಗಿರುವಾಗ ಕಲ್ಲಿನ ಅಂಚು ತಾಗಿದರೆ ಎಳೆ ಎಳೆಯಾಗಿ ಹೋಗುತ್ತದೆ. ಫ್ಲೋರೋಕಾರ್ಬನ್ ಆ ಉಜ್ಜಾಟ ತಡೆಯುತ್ತದೆ. ನಮ್ಮ ನದಿಗಳಲ್ಲಿ ಅದಕ್ಕೆ ಕೊಡುವ ದುಡ್ಡು ಇದಕ್ಕಾಗಿ, ಕಾಣದಿರುವುದಕ್ಕಾಗಿ ಅಲ್ಲ. ಉದ್ದ ಒಂದು ಮಾರು, ನೀರು ತಿಳಿಯಾಗಿದ್ದರೆ ಒಂದೂವರೆ. ಬಲ ಬ್ರೇಡಿಗಿಂತ ಒಂದು ಕೂದಲು ಕಡಿಮೆ ಇರಲಿ. ಕೊಕ್ಕೆ ಕಲ್ಲಿಗೆ ಸಿಕ್ಕಿಕೊಂಡಾಗ ಲೀಡರ್ ಮಾತ್ರ ಹೋಗುತ್ತದೆ, ಇಡೀ ಬ್ರೇಡ್ ಹೊಳೆಪಾಲಾಗುವುದಿಲ್ಲ.

ಪ್ರತಿ ಮೀನಿನ ನಂತರ ಕೊನೆಯ ಒಂದು ಗೇಣನ್ನು ಉಗುರಿನ ಮೇಲೆ ಎಳೆದು ನೋಡಿ. ಅನುಮಾನ ಬಂದರೆ ಹತ್ತಿ ಚೂರು ಸವರಿ. ಗೀರು ಇದ್ದ ಕಡೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿತೋ, ಆ ಗೇಣನ್ನು ಕತ್ತರಿಸಿ ಬಿಸಾಕಿ ಹೊಸದಾಗಿ ಕಟ್ಟಿ.

ಇನ್ನೊಂದು ಮಾತು. ನಿಮ್ಮ ಕಡೆ ಬಿಳಿಮೀನು, ಅದೇ ಮಹಶೀರ್, ಕೊಕ್ಕೆಗೆ ಬೀಳಬಹುದು. ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ತೀರಾ ಅಂಚಿನಲ್ಲಿರುವ ಮೀನು ಅಂತ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿಯಲ್ಲಿದೆ. ಬಿದ್ದರೆ ನೀರಿನಲ್ಲೇ ಕೊಕ್ಕೆ ಬಿಡಿಸಿ ಕಳಿಸಿ. ತೆಳು ಲೀಡರ್ ಹಾಕಿ ಗಂಟೆಗಟ್ಟಲೆ ಆಡಿಸುವುದು ಶೌರ್ಯ ಅಲ್ಲ. ಸುಸ್ತಾದ ಮೀನು ಬಿಟ್ಟ ಮೇಲೂ ಸಾಯುತ್ತದೆ. ಕಾವೇರಿ ವನ್ಯಧಾಮದ ಒಳಗಂತೂ ಗಾಳ ಹಾಕಲೇಬೇಡಿ.

ಕೆಸುವು, ತಾವರೆ ಬೆಳೆದ ಕೆರೆಯಲ್ಲಿ ರಬ್ಬರ್ ಕಪ್ಪೆ (ಹುಸಿ ಎರೆ) ಎಸೆದು ಮರಲ್ ಮೀನು ಹಿಡಿಯಲು ಫ್ಲೋರೋಕಾರ್ಬನ್ ಲೀಡರ್ ಎಷ್ಟು ಉದ್ದ ಬೇಕು?
*— ಓದುಗರು, ಸಾಗರ*

ಬೇಡವೇ ಬೇಡ. ಮುಳುಗುವ ದಾರ ಕಪ್ಪೆಯ ಮೂಗನ್ನು ಕೆಳಗೆ ಎಳೆಯುತ್ತದೆ. ತೇಲುವ ಬ್ರೇಡ್, 40–50 ಪೌಂಡಿನದು, ನೇರ ಕಪ್ಪೆಗೇ ಕಟ್ಟಿ. ಎಲೆಯ ಸಂದಿಯಲ್ಲಿ ಅದೇ ಕತ್ತಿಯ ಹಾಗೆ ಕುಯ್ದುಕೊಂಡು ಬರುತ್ತದೆ. ಮೀನಿನ ಹಲ್ಲಿನ ಭಯ ಇದ್ದರೆ ಒಂದು ಗೇಣು ಉದ್ದದ ದಪ್ಪ ನೈಲಾನ್ ಸೇರಿಸಿ.

ಹಿಂದೆ ರೇಷ್ಮೆ ಹುಳದ ಕರುಳಿನಿಂದ ಗಾಳದ ದಾರ ಮಾಡುತ್ತಿದ್ದರು ಅಂತ ನಮ್ಮ ತಾತ ಹೇಳುತ್ತಿದ್ದರು. ಹುಳ ಸಾಕುವ ನಮಗೇ ಗೊತ್ತಿಲ್ಲ. ನಿಜವಾ?
*— ಓದುಗರು, ಶಿಡ್ಲಘಟ್ಟ*

ತಾತ ಹೇಳಿದ್ದು ಸರಿ ತಾಯಿ. ಕರುಳಲ್ಲ, ರೇಷ್ಮೆ ಗ್ರಂಥಿ. ಗೂಡು ಕಟ್ಟಲು ಸಿದ್ಧವಾದ ಹಣ್ಣು ಹುಳವನ್ನು ವಿನೆಗರ್‌ನಲ್ಲಿ ನೆನೆಸಿ, ಒಡೆದು, ಒಳಗಿನ ಎರಡು ಗ್ರಂಥಿಗಳನ್ನು ಎರಡೂ ತುದಿ ಹಿಡಿದು ಎಳೆಯುತ್ತಿದ್ದರು. ಹಾಗೇ ಒಣಗಿಸಿದರೆ ಗಾಜಿನಂಥ ಎಳೆ. ಸ್ಪೇನಿನ ಮುರ್ಸಿಯಾ ಇದಕ್ಕೆ ಹೆಸರುವಾಸಿಯಾಗಿತ್ತು. ಒಂದೊಂದು ಎಳೆಯೂ ಗಿಡ್ಡ. ನಾಲ್ಕಾರು ಎಳೆ ಗಂಟು ಹಾಕಿ ಸೇರಿಸಿದರೆ ಒಂದು ಲೀಡರ್. ಒಣಗಿದ್ದರೆ ಲಟಕ್ಕನೆ ಮುರಿಯುತ್ತಿತ್ತು, ಬಳಸುವ ಮುಂಚೆ ನೀರಿನಲ್ಲಿ ನೆನೆಸಿಡಬೇಕಿತ್ತು. 1930ರ ದಶಕದ ಕೊನೆಗೆ ನೈಲಾನ್ ಬಂತು, ಮೆಲ್ಲಗೆ ಇದು ಮೂಲೆ ಸೇರಿತು. ಫ್ಲೋರೋಕಾರ್ಬನ್ ದಾರವನ್ನು 1971ರಲ್ಲಿ ತಂದದ್ದು ಜಪಾನಿನ ಕುರೇಹಾ ಕಂಪನಿ. ಅವರ ಸೀಗಾರ್ ಬ್ರಾಂಡ್ ಈಗಲೂ ಇದೆ. ನಿಮ್ಮ ಹುಳಗಳನ್ನು ಮಾತ್ರ ಗೂಡು ಕಟ್ಟಲು ಬಿಡಿ, ಲಾಭ ಅದರಲ್ಲೇ.

ಮಿಶಿಗನ್‌ಗೆ ಬಂದು ನೆಲೆಸಿದ್ದೇನೆ. ಇಲ್ಲಿ ಎಲ್ಲರೂ ಫ್ಲೋರೋಕಾರ್ಬನ್ ಇಲ್ಲದೆ ದೋಣಿ ಹತ್ತುವುದೇ ಇಲ್ಲ. ಇದೂ ಅಂಗಡಿಯವರ ಮಾತೇನಾ?
*— ಕನ್ನಡತಿ, ಅಮೆರಿಕ*

ಅಲ್ಲಿ ಅದು ನಿಜ ಅಕ್ಕ. ಆ ದೊಡ್ಡ ಸರೋವರಗಳಿಗೆ ಹೊರಗಿನಿಂದ ಬಂದ ಜೀಬ್ರಾ, ಕ್ವಾಗಾ ಅನ್ನುವ ಸಣ್ಣ ಚಿಪ್ಪುಜೀವಿಗಳು ನೀರನ್ನು ಸೋಸಿ ಸೋಸಿ ತಿಳಿ ಮಾಡಿಬಿಟ್ಟಿವೆ. ಅಲ್ಲಿ ದಾರ ಕಾಣುವುದು, ಕಾಣದಿರುವುದು ಎರಡಕ್ಕೂ ವ್ಯತ್ಯಾಸ ಇದೆ. ಅವೇ ಚಿಪ್ಪುಗಳು ಕಲ್ಲಿಗೆ ಅಂಟಿಕೊಂಡು ದಾರವನ್ನೂ ಕುಯ್ಯುತ್ತವೆ. ಸ್ಮಾಲ್‌ಮೌತ್ ಬಾಸ್ ಮೀನಿಗೆ ತೆಳು ಬ್ರೇಡ್, ತುದಿಗೆ ಒಂದೂವರೆ ಮಾರು 8 ಪೌಂಡಿನ ಫ್ಲೋರೋಕಾರ್ಬನ್. ಗೇಣಿನ ಪರೀಕ್ಷೆ ನಿಮಗೂ ಅನ್ವಯ.

ಅಗ್ಗದ ಫ್ಲೋರೋಕಾರ್ಬನ್ ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? ಹಳೇ ದಾರ ಏನು ಮಾಡಲಿ?
*— ಓದುಗರು, ದಾವಣಗೆರೆ*

ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. 'ಕೋಟೆಡ್' ಅಂತ ಇದ್ದರೆ ಒಳಗೆ ನೈಲಾನ್, ಮೇಲೆ ಬರೀ ಲೇಪ. ಶೇ. 100 ಫ್ಲೋರೋಕಾರ್ಬನ್ ಅಂತ ಬರೆದಿರಬೇಕು. ಅದೂ ಅನುಮಾನ ಅಂದರೆ ಒಂದೊಂದು ಇಂಚು ನೈಲಾನ್ ಮತ್ತು ಇದನ್ನು ಬಕೆಟ್ ನೀರಿನೊಳಗೆ ಒತ್ತಿ ಒಟ್ಟಿಗೆ ಬಿಡಿ. ಅಸಲಿ ಬೇಗ ತಳ ಸೇರುತ್ತದೆ. ಬೆಂಕಿ ಹಚ್ಚಿ ನೋಡಿ ಅನ್ನುವವರ ಮಾತು ಕೇಳಬೇಡಿ, ಇದರ ಹೊಗೆ ವಿಷ.

ಹಳೇ ದಾರ ಕೊಳೆಯುವುದಿಲ್ಲ. ದಂಡೆಯಲ್ಲಿ ಬಿಟ್ಟರೆ ನೀರುಕಾಗೆ, ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮನೆಗೆ ತಂದು, ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಮುಚ್ಚಳವಿರುವ ಬಾಟಲಿಗೆ ತುಂಬಿ ಒಣಕಸಕ್ಕೆ ಹಾಕಿ. ನಮ್ಮ ಅಂಗಡಿ ಕೌಂಟರಿನ ಮೇಲೆ ಅದಕ್ಕೇ ಒಂದು ಡಬ್ಬಿ ಇಟ್ಟಿದ್ದೇನೆ. ನಿಮ್ಮೂರಿನ ಅಂಗಡಿಯವರಿಗೂ ಇಡಲು ಹೇಳಿ.