ಊರಿನ ಆಸ್ಪತ್ರೆಗೆ ಡಯಾಲಿಸಿಸ್ ಘಟಕ: ಹೊಸ ಟ್ರಸ್ಟ್ ದೇಣಿಗೆ ಕೂಡಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಜಮಖಂಡಿ ಭಾಗದ 30 ಹಾಸಿಗೆಯ ಧರ್ಮಾರ್ಥ ಆಸ್ಪತ್ರೆಗೆ ಮೂರು ಡಯಾಲಿಸಿಸ್ ಯಂತ್ರ ಹಾಕಿಸಬೇಕು. ಅದಕ್ಕಾಗಿ ಈ ವರ್ಷ ಟ್ರಸ್ಟ್ ನೋಂದಾಯಿಸಿದ್ದೀರಿ. ಸುತ್ತಲಿನ ಸಕ್ಕರೆ ಕಾರ್ಖಾನೆಗಳ ಸಿಎಸ್‌ಆರ್ ಹಣದಿಂದ (ಕಂಪನಿಗಳು ಕಾನೂನಿನಂತೆ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ) ಶುರು ಮಾಡಬಹುದೇ?

ಸಿಎಸ್‌ಆರ್ ಹಣವನ್ನು ಈ ವರ್ಷದ ಲೆಕ್ಕಕ್ಕೆ ಹಿಡಿಯಲೇಬೇಡಿ. ಕಂಪನಿಯೊಂದು ಹೊರಗಿನ ಟ್ರಸ್ಟ್ ಮೂಲಕ ಖರ್ಚು ಮಾಡಬೇಕಾದರೆ, ಆ ಟ್ರಸ್ಟ್‌ಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು. 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ) ಜೊತೆಗೆ ಸಿಎಸ್‌ಆರ್ ಹಣ ಪಡೆಯಲು ಮಾಡಿಸುವ ಸಿಎಸ್‌ಆರ್-1 ನೋಂದಣಿಯೂ ಬೇಕು. ನಿಮ್ಮದು ಹೊಸ ಟ್ರಸ್ಟ್, ಅಲ್ಲಿಗೇ ನಿಲ್ಲುತ್ತದೆ. ದಾರಿ ಇಲ್ಲವೆಂದಲ್ಲ. ಆಸ್ಪತ್ರೆ ನಡೆಸುವ ಹಳೆಯ ಟ್ರಸ್ಟ್ ಬೇರೆ ಇದ್ದರೆ ಸಿಎಸ್‌ಆರ್-1 ಅವರು ಮಾಡಿಸಲಿ, ಹಣವೂ ಅವರ ಖಾತೆಗೇ ಬರಲಿ, ಯಂತ್ರ ಅವರ ಆಸ್ತಿಯಾಗಲಿ. ಇನ್ನೊಂದು ಮಾತು: ಸಿಎಸ್‌ಆರ್ ಖರ್ಚು ವಿಧಿಸುವ ಕಂಪನಿ ಕಾಯ್ದೆಯ 135ನೇ ಕಲಮು ಕಂಪನಿಗಳಿಗೆ ಮಾತ್ರ. ಸಹಕಾರಿ ಸಕ್ಕರೆ ಕಾರ್ಖಾನೆಗೆ ಅದು ತಾಗುವುದಿಲ್ಲ. ಅಲ್ಲಿ ಕೇಳುವುದಾದರೆ ದೇಣಿಗೆಯೆಂದೇ ಕೇಳಬೇಕು, ಆಡಳಿತ ಮಂಡಳಿಯ ಠರಾವಿನ ದಾರಿಯಲ್ಲೇ ಹೋಗಬೇಕು. ಖಾಸಗಿ ಕಾರ್ಖಾನೆ, ಲೋಕಾಪುರ–ಬಾಗಲಕೋಟೆ ಕಡೆಯ ಸಿಮೆಂಟ್ ಕಂಪನಿಗಳ ವಿಷಯ ಬೇರೆ. ಅವರ ಬಜೆಟ್ ಹೊಸ ಆರ್ಥಿಕ ವರ್ಷದ ಆರಂಭದಲ್ಲಿ ನಿಗದಿಯಾಗುವುದರಿಂದ ಅರ್ಜಿ ಮಾರ್ಚ್‌ಗಿಂತ ಮೊದಲೇ ಅವರ ಮೇಜಿನ ಮೇಲಿರಬೇಕು.

ಈಗ ಖರ್ಚಿನ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲಿಯೇ. ಯಂತ್ರದ ದರಪಟ್ಟಿ ತಂದು ಅಷ್ಟಕ್ಕೇ ದೇಣಿಗೆ ಎತ್ತುತ್ತಾರೆ. ಯಂತ್ರ ಬರುತ್ತದೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಆರೇ ತಿಂಗಳಲ್ಲಿ ಕೋಣೆಗೆ ಬೀಗ ಬೀಳುತ್ತದೆ. ಒಂದು ಯಂತ್ರ ದಿನಕ್ಕೆ ಎರಡು ಪಾಳಿ, ವಾರಕ್ಕೆ ಆರು ದಿನ ನಡೆದರೆ 12 ಸರದಿ (ಒಬ್ಬ ರೋಗಿಗೆ ಒಮ್ಮೆ ಮಾಡುವ ಡಯಾಲಿಸಿಸ್ ಒಂದು ಸರದಿ). ಮೂರು ಯಂತ್ರಕ್ಕೆ ವಾರಕ್ಕೆ 36, ವರ್ಷಕ್ಕೆ 1,872. ಡಯಲೈಸರ್ (ರಕ್ತ ಸೋಸುವ ಫಿಲ್ಟರ್), ಟ್ಯೂಬು, ಸೂಜಿ, ದ್ರಾವಣ, ಟೆಕ್ನಿಷಿಯನ್ ಸಂಬಳ, ಕರೆಂಟು ಎಲ್ಲ ಸೇರಿ ಸರದಿಗೆ 1,200 ರೂ. ಎಂದು ಹಿಡಿಯೋಣ (ನಿಮ್ಮ ದರ ನೀವೇ ತೆಗೆಯಿರಿ). ವರ್ಷಕ್ಕೆ ಹತ್ತಿರ ಹತ್ತಿರ 22.5 ಲಕ್ಷ ಆಯಿತು. ಯಂತ್ರ, ನೀರು ಶುದ್ಧೀಕರಿಸುವ ಆರ್‌ಒ ಘಟಕ, ಹಾಸಿಗೆ, ಯುಪಿಎಸ್, ಜನರೇಟರ್‌ಗೆ 25 ಲಕ್ಷ ಹಿಡಿದರೂ ನಡೆಸುವ ಖರ್ಚು ಪ್ರತಿ ವರ್ಷ ಅದಕ್ಕೆ ಹೆಚ್ಚುಕಡಿಮೆ ಸಮ. ಆದ್ದರಿಂದ ಗುರಿ 25 ಲಕ್ಷವಲ್ಲ, ಮೊದಲ ವರ್ಷದ ಖರ್ಚೂ ಸೇರಿ 48 ಲಕ್ಷ.

ನೀರಿನ ವಿಷಯ ಪ್ರತ್ಯೇಕವಾಗಿ ಕೇಳಿ. ನಾಲ್ಕು ತಾಸಿನ ಒಂದು ಸರದಿಗೆ, ನಿಮಿಷಕ್ಕೆ 500 ಮಿ.ಲೀ. ಲೆಕ್ಕದಲ್ಲಿ, 120 ಲೀಟರ್ ಶುದ್ಧ ನೀರಿನ ದ್ರಾವಣ ಬೇಕು. ತೊಳೆಯಲು ಬೇಕಾದದ್ದು, ಆರ್‌ಒ ಹೊರಹಾಕುವ ನೀರು ಬೇರೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಪೂರ್ವಶುದ್ಧೀಕರಣ ಸರಿಯಿಲ್ಲದಿದ್ದರೆ ಆರ್‌ಒ ಪೊರೆ ಬೇಗ ಕೆಡುತ್ತದೆ, ಕೆಟ್ಟ ನೀರು ನೇರ ರೋಗಿಯ ರಕ್ತಕ್ಕೆ ಅಪಾಯ ತರುತ್ತದೆ. ನೀರಿನ ಪರೀಕ್ಷೆ ಮಾಡಿಸಿದ ಮೇಲೆಯೇ ಆರ್‌ಒ ಕೊಟೇಷನ್ ಪಡೆಯಿರಿ. ವಾರಂಟಿ ಮುಗಿದ ನಂತರದ ನಿರ್ವಹಣಾ ಒಪ್ಪಂದದ ದರವನ್ನೂ ಖರೀದಿಯ ದಿನವೇ ಬರೆಸಿಕೊಳ್ಳಿ, ಆಮೇಲೆ ಚೌಕಾಸಿಗೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಆಸ್ಪತ್ರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ನೋಂದಾಯಿತವಾಗಿದ್ದರೆ ಬಿಪಿಎಲ್ ರೋಗಿಯ ಚಿಕಿತ್ಸೆಗೆ ಕ್ಲೇಮ್ ಹಾಕಬಹುದು. ಯೋಜನೆ ಕೊಡುವ ಖರ್ಚಿಗೆ ದಾನಿಗಳ ದುಡ್ಡು ಸುರಿಯಬೇಡಿ. ಆದರೆ ಕ್ಲೇಮ್ ಕೈಗೆ ಬರುವವರೆಗೆ ಸಾಮಾನು, ಸಂಬಳ ನಿಲ್ಲಬಾರದು. ಮೊದಲ ವರ್ಷದ ಹಣವನ್ನು ಮೊದಲೇ ಕೂಡಿಸಿ ಅನ್ನುವುದು ಅದಕ್ಕೇ.

48 ಲಕ್ಷವನ್ನು ಮನೆಮನೆ ತಿರುಗಿ ಕೂಡಿಸಲಾಗದು. ಮೇಲಿನಿಂದ ಕೆಳಗೆ ಬನ್ನಿ. 10 ಲಕ್ಷದ ಒಬ್ಬರು, 5 ಲಕ್ಷದ ಇಬ್ಬರು, ಎರಡೂವರೆ ಲಕ್ಷದ ನಾಲ್ವರು, 1 ಲಕ್ಷದ ಎಂಟು ಜನ: 38 ಲಕ್ಷ ಆಯಿತು. ಉಳಿದ 10 ಲಕ್ಷಕ್ಕೆ 5,000 ಕೊಡುವ 200 ಜನ. ದೊಡ್ಡ ಮೊತ್ತದ ಪ್ರತಿ ಜಾಗಕ್ಕೆ ಮೂರು ನಾಲ್ಕು ಹೆಸರು ಬರೆದಿಟ್ಟುಕೊಳ್ಳಿ, ಎಲ್ಲರೂ ಒಪ್ಪುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಬರವಣಿಗೆಯಲ್ಲಿ ಖಾತ್ರಿಯಾಗುವವರೆಗೆ ಬ್ಯಾನರ್ ಕಟ್ಟಬೇಡಿ, ಕರಪತ್ರ ಹಂಚಬೇಡಿ. ಮೊದಲೇ ಸಾರಿದರೆ 5 ಲಕ್ಷ ಕೊಡಬಲ್ಲವರು, ಪಕ್ಕದವರು ಕೊಟ್ಟ 5,000 ನೋಡಿ 11,000ಕ್ಕೆ ಕೈತೊಳೆದುಕೊಳ್ಳುತ್ತಾರೆ. ಮತ್ತೆ ಅವರ ಬಳಿ ಹೋಗಲು ಬರುವುದಿಲ್ಲ.

ಕೇಳಲು ಯಾರು ಹೋಗುತ್ತಾರೆ ಅನ್ನುವುದು ಮುಖ್ಯ. ತಾನೇ ಕೊಟ್ಟ ಟ್ರಸ್ಟಿ ಒಬ್ಬರು, ಆಸ್ಪತ್ರೆಯ ವೈದ್ಯರು ಒಬ್ಬರು, ಇಬ್ಬರೇ ಸಾಕು. ಹತ್ತು ಜನ ಗುಂಪು ಕಟ್ಟಿ ಹೋದರೆ ಚಹಾ ಸಿಗುತ್ತದೆ, ಮೊತ್ತದ ಮಾತು ಬರುವುದಿಲ್ಲ. ಮೊತ್ತ ಹೇಳಿಯೇ ಕೇಳಿ. ನಾನಂತೂ ಯಂತ್ರಕ್ಕಿಂತ ಸರದಿಯನ್ನು ಮುಂದಿಟ್ಟು ಕೇಳುವುದೇ ಮೇಲು ಅನ್ನುತ್ತೇನೆ: ವಾರಕ್ಕೆ ಮೂರರಂತೆ ಒಬ್ಬ ರೋಗಿಯ ಒಂದು ತಿಂಗಳಿಗೆ 13 ಸರದಿ, 15,600 ರೂ. ತಂದೆ-ತಾಯಿಯ ಪುಣ್ಯತಿಥಿಗೆ ಅನ್ನದಾನ ಮಾಡಿಸುವ ಮನೆಗಳು ಇದನ್ನು ವರ್ಷ ವರ್ಷ ಕೊಡಬಲ್ಲವು. ಮೂಲನಿಧಿ ಇಟ್ಟು ಬಡ್ಡಿಯಲ್ಲಿ ನಡೆಸುತ್ತೇವೆ ಅನ್ನುವವರಿಗೆ ಒಂದು ಲೆಕ್ಕ ತೋರಿಸಿ: ಶೇ 7ರ ಬಡ್ಡಿಯಲ್ಲಿ 22.5 ಲಕ್ಷ ಬರಲು 3.2 ಕೋಟಿ ಠೇವಣಿ ಬೇಕು.

ಕಾಲ ನೋಡಿ ಕೇಳಿ. ಕಾನೂನಿನ ಪ್ರಕಾರ ಕಬ್ಬಿನ ಬಿಲ್ಲು 14 ದಿನದಲ್ಲಿ ಬರಬೇಕು, ಆದರೆ ಎಷ್ಟೋ ಹಂಗಾಮಿನಲ್ಲಿ ಹಾಗೆ ಬರುವುದಿಲ್ಲ. ರೈತರಿಂದ ಮಾತು ಪಡೆಯುವಾಗ "ಎರಡನೇ ಕಂತಿನ ಬಿಲ್ಲು ಬಂದ ಮೇಲೆ" ಎಂದು ಪತ್ರದಲ್ಲೇ ಬರೆಸಿ, ಇಬ್ಬರಿಗೂ ಮುಜುಗರ ತಪ್ಪುತ್ತದೆ. ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರಿದ್ದರೆ ಒಣದ್ರಾಕ್ಷಿ ಮಾರಾಟವಾದ ಮೇಲೆ, ಅಡತಿ ವ್ಯಾಪಾರಿಗಳ ಬಳಿ ದೀಪಾವಳಿ ಲಕ್ಷ್ಮೀಪೂಜೆಯ ಹೊತ್ತಿಗೆ.

ಪಾವತಿ (ರಸೀದಿ) ಪುಸ್ತಕ ಬಿಗಿಯಾಗಿರಬೇಕು. ಕ್ರಮಸಂಖ್ಯೆ ಮುದ್ರಿಸಿ, ಯಾರಿಗೆ ಯಾವ ಪುಸ್ತಕ ಕೊಟ್ಟಿರಿ ಎಂದು ದಾಖಲಿಸಿ. 2,000 ರೂ. ಮೀರಿದ ನಗದಿಗೆ ದಾನಿಗೆ 80ಜಿ ವಿನಾಯಿತಿ ಇಲ್ಲ, ಮಂಚ-ಸಿಮೆಂಟಿನಂಥ ವಸ್ತು ಕೊಟ್ಟರೂ ಇಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ನಿಮಗೆ. ಪ್ಯಾನ್ ಅಥವಾ ಆಧಾರ್ ಸಂಖ್ಯೆ ಆಗಲೇ ಬರೆದುಕೊಳ್ಳಿ, ಏಕೆಂದರೆ ಮೇ 31ರೊಳಗೆ ಹಿಂದಿನ ಆರ್ಥಿಕ ವರ್ಷದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಸಲ್ಲಿಸಿ ದಾನಿಗಳಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂ. ಶುಲ್ಕ. (ಇವು 1961ರ ಆದಾಯ ತೆರಿಗೆ ಕಾಯ್ದೆಯ ಕಲಮು, ನಮೂನೆಗಳು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯಿಸುವುದರಿಂದ ಸಂಖ್ಯೆಗಳನ್ನು ನಿಮ್ಮ ಸಿಎ ಬಳಿ ತಾಳೆ ನೋಡಿ.) ಹೊಸ ತೆರಿಗೆ ಪದ್ಧತಿ ಆಯ್ದವರಿಗೆ 80ಜಿ ಲಾಭವೇ ಇಲ್ಲ. ನೌಕರದಾರರ ಮುಂದೆ ಅದನ್ನೇ ದೊಡ್ಡದಾಗಿ ಹೇಳಬೇಡಿ.

ಬಾದಾಮಿ ಬನಶಂಕರಿ ಜಾತ್ರೆಯಲ್ಲೋ ನಿಮ್ಮೂರ ಜಾತ್ರೆಯಲ್ಲೋ ಹುಂಡಿ ಇಡುವ ವಿಚಾರ ಬಂದೇ ಬರುತ್ತದೆ. ಆಸ್ಪತ್ರೆ ಟ್ರಸ್ಟ್‌ಗೆ ಹೆಸರಿಲ್ಲದ ದೇಣಿಗೆ ತೊಡಕು. ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ, ಯಾವುದು ಹೆಚ್ಚೋ ಅಷ್ಟಕ್ಕೆ ರಿಯಾಯಿತಿ, ಉಳಿದದ್ದಕ್ಕೆ ಶೇ 30 ತೆರಿಗೆ. ಒಟ್ಟು 48 ಲಕ್ಷದಲ್ಲಿ ಹುಂಡಿಯದು 3 ಲಕ್ಷವಾದರೆ, 2.4 ಲಕ್ಷ ಕಳೆದು 60,000ಕ್ಕೆ 18,000 ರೂ. ತೆರಿಗೆ. ಹುಂಡಿಯ ಬದಲು ಮೇಜು ಹಾಕಿ, ಇಬ್ಬರನ್ನು ಕೂಡಿಸಿ, ಹೆಸರು ಮತ್ತು ವಿಳಾಸ ಬರೆದು ಪಾವತಿ ಹರಿದು ಕೊಡಿ. ಫೋನ್‌ಪೇಯಲ್ಲಿ ಬಂದದ್ದಕ್ಕೂ ವಿಳಾಸ ಬೇಕು.

ಮುಂದೆ ಸರ್ಕಾರಿ ಸಮುದಾಯ ಆರೋಗ್ಯ ಕೇಂದ್ರಕ್ಕೂ ಕೊಡುವ ಮನಸ್ಸಿದ್ದರೆ ಅಲ್ಲಿಯ ಆರೋಗ್ಯ ರಕ್ಷಾ ಸಮಿತಿಯ ಠರಾವು ಮೊದಲು, ಖರೀದಿ ನಂತರ. ವಸ್ತು ದಾಸ್ತಾನು ವಹಿಯಲ್ಲಿ ಏರಬೇಕು, ಇಲ್ಲದಿದ್ದರೆ ಕೆಟ್ಟಾಗ ರಿಪೇರಿಗೆ ಯಾರೂ ಹೊಣೆಯಾಗುವುದಿಲ್ಲ. ಸೋನೋಗ್ರಫಿ ಯಂತ್ರ ಕೊಡುತ್ತೇನೆ ಅನ್ನುವ ದಾನಿ ಸಿಕ್ಕರೆ, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಾಯಿತವಲ್ಲದ ಜಾಗಕ್ಕೆ ಅದು ಹೋಗುವಂತಿಲ್ಲ.

ಹೊರದೇಶದಲ್ಲಿರುವ ಊರವರು ಕೊಡಲು ಮುಂದೆ ಬರುತ್ತಾರೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿಯ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇರುವವರದ್ದು ಆಗುತ್ತದೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ನೋಂದಣಿಗೆ ಸಾಮಾನ್ಯವಾಗಿ 3 ವರ್ಷದ ಅಸ್ತಿತ್ವ, ಆ ಅವಧಿಯಲ್ಲಿ ಉದ್ದೇಶಕ್ಕೆ 15 ಲಕ್ಷ ಖರ್ಚು ತೋರಿಸಬೇಕು. ಹಾಗೆ ಬಂದ ಹಣವನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸಲು 2020ರ ತಿದ್ದುಪಡಿಯ ನಂತರ ಅವಕಾಶವೂ ಇಲ್ಲ, ಆಸ್ಪತ್ರೆ ಬೇರೆ ಟ್ರಸ್ಟಿನದಾಗಿದ್ದರೆ ಇದನ್ನು ನೆನಪಿಡಿ. ಸದ್ಯಕ್ಕೆ ಹೊರದೇಶದಿಂದ ಬರುವ ಪ್ರತಿ ದೇಣಿಗೆಗೂ ಪಾಸ್‌ಪೋರ್ಟ್ ಪ್ರತಿ ತರಿಸಿಕೊಂಡ ಮೇಲೆಯೇ ಖಾತೆ ಸಂಖ್ಯೆ ಕೊಡಿ.