ಸಂಪಾದಕರ ಉತ್ತರ: ಅಟ್ಟ ಖಾಲಿ ಮಾಡುವ ಮುಂಚೆ

ತಿಪಟೂರಿನ ಓದುಗರೊಬ್ಬರು ಇನ್‌ಲ್ಯಾಂಡ್ ಲೆಟರಿನ ಎಲ್ಲಾ ಮಗ್ಗುಲೂ ತುಂಬಿಸಿ, ಸಾಲದೆ ಅಂಚಿನಲ್ಲೂ ಬರೆದಿದ್ದಾರೆ. ಅದರ ಸಾರ ಇಷ್ಟು:

“ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಹರ್ಮಿಸ್ ಎಂಬ ಕ್ಷುದ್ರಗ್ರಹದ ಲೇಖನ ಓದಿದೆ. 1937ರಲ್ಲಿ ಕಂಡು, ಕಳೆದುಹೋಗಿ, 66 ವರ್ಷ ಆದ ಮೇಲೆ ಸಿಕ್ಕಿತಂತೆ. ಗುಡ್ಡದಷ್ಟು ದೊಡ್ಡ ಕಲ್ಲನ್ನು ಕಳೆದುಕೊಳ್ಳುವವರು ಎಂಥ ವಿಜ್ಞಾನಿಗಳು? ನಾನು 34 ವರ್ಷ ಬ್ಯಾಂಕಿನಲ್ಲಿದ್ದೆ. ಒಂದು ವೋಚರ್ ಕಳೆದರೆ ಮೆಮೊ ಕೊಡುತ್ತಿದ್ದರು. ಕೊನೆಗೆ ಹುಡುಕಿಕೊಟ್ಟದ್ದೂ ಕಂಪ್ಯೂಟರೇ ಅಲ್ವಾ? ಹಾಗಿರುವಾಗ ಆಕಾಶದ ಫೋಟೊ ತೆಗೆದ ಹಳೇ ಗಾಜಿನ ಪ್ಲೇಟು ಕೂಡಿಟ್ಟವರ ಕತೆಗೆ ಎರಡು ಪುಟ ಯಾಕೆ? ನಮ್ಮ ಅಟ್ಟದ ಮೇಲೂ 1979ರಿಂದ ನಿಮ್ಮ ಪತ್ರಿಕೆ ಪೇರಿಸಿದ್ದೇನೆ. ಎಲ್ಲಾ ಫೋನಲ್ಲೇ ಸಿಗುತ್ತೆ, ರದ್ದಿಗೆ ಹಾಕಿ ಅಂತಾನೆ ಮಗ. ಈ ಬೇಸಿಗೆಯಲ್ಲಿ ಹಾಕೋಣ ಅಂತಿದ್ದೇನೆ.”

ಸ್ವಾಮಿ, ಕೊನೆಯ ಸಾಲು ಓದುವಾಗ ಕಾಫಿ ಗಂಟಲಲ್ಲೇ ನಿಂತಿತು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಗುಡ್ಡದ ವಿಷಯ.

ರಾತ್ರಿ ನಿಮ್ಮ ಮನೆ ಮುಂದೆ ಒಂದು ಬೈಕು ಭರ್ ಅಂತ ಹೋಯಿತು ಅಂದುಕೊಳ್ಳಿ. ಕಿಟಕಿಯಿಂದ ಹಿಂದಿನ ಕೆಂಪು ದೀಪ ಎರಡು ಕ್ಷಣ ಕಂಡಿತು, ಅಷ್ಟೇ. ಅದು ಅರಸೀಕೆರೆಗೆ ಹೋಯಿತೋ, ತುರುವೇಕೆರೆ ಕಡೆ ತಿರುಗಿತೋ ಹೇಳಿ ನೋಡೋಣ. ಹರ್ಮಿಸ್ ಕತೆಯೂ ಇದೇ. 1937ರ ಅಕ್ಟೋಬರ್ 28ರಂದು ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಕಾರ್ಲ್ ರೈನ್‌ಮುತ್ ಅದನ್ನು ಕಂಡರು. ಕಂಡದ್ದು ಆಕಾಶದಲ್ಲಿ ಅಲ್ಲ, ಗಾಜಿನ ಪ್ಲೇಟಿನ ಮೇಲೆ. ಪ್ಲೇಟು ತೊಳೆದ ಮೇಲೆ ಆಕಾಶ ಬಿಳಿ, ನಕ್ಷತ್ರ ಕಪ್ಪು. ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತದೆ. ಆ ಸಾಸಿವೆಯ ನಡುವೆ ಒಂದು ಉದ್ದ ಗೆರೆ. ನಕ್ಷತ್ರ ಗೆರೆ ಎಳೆಯುವುದಿಲ್ಲ. ಏನೋ ಬಹಳ ಹತ್ತಿರದಲ್ಲಿ, ಬಹಳ ವೇಗವಾಗಿ ಹೋಗುತ್ತಿದೆ ಅಂತ ಅರ್ಥ. ಎರಡು ದಿನ ಕಳೆದು, 30ರಂದು, ಅದು ಭೂಮಿಯಿಂದ ಸುಮಾರು 7.4 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಚಂದ್ರನಿರುವ ದೂರದ ಎರಡರಷ್ಟೂ ಇಲ್ಲ. ಇನ್ನೊಂದೆರಡು ದಿನದಲ್ಲಿ ಮಾಯ.

ವಾರವೂ ತುಂಬದ ಅಳತೆಯಿಂದ ಅದರ ದಾರಿಯನ್ನು ಅಂದಾಜು ಮಾಡಬಹುದು, ಗಟ್ಟಿಯಾಗಿ ಹೇಳಲಾಗದು. ಸೂರ್ಯನನ್ನು ಒಂದು ಸುತ್ತು ಬರಲು ಅದಕ್ಕೆ ಎರಡು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಆ ಲೆಕ್ಕದಲ್ಲಿ ಎರಡು ದಿನ ಹೆಚ್ಚುಕಮ್ಮಿ ಆದರೂ ಹತ್ತು ಸುತ್ತಿಗೆ ಇಪ್ಪತ್ತು ದಿನ ತಪ್ಪುತ್ತದೆ. ಸಾಲದ್ದಕ್ಕೆ ದಾರಿಯಲ್ಲಿ ಭೂಮಿ ಒಮ್ಮೆ, ಶುಕ್ರ ಒಮ್ಮೆ ಎಳೆಯುತ್ತವೆ. ನೀವು ಬಡ್ಡಿ ಲೆಕ್ಕ ಹಾಕಿದವರು. ಮೊದಲ ತಿಂಗಳ ಸಣ್ಣ ತಪ್ಪು ಹತ್ತನೇ ವರ್ಷಕ್ಕೆ ಎಷ್ಟು ದಪ್ಪ ಆಗಿರುತ್ತದೆ ಅಂತ ನಾನು ಹೇಳಬೇಕಾ?

ಇದಕ್ಕಿಂತ ಸ್ವಾರಸ್ಯದ ಸಂಗತಿ ಒಂದಿದೆ. 1942ರ ಏಪ್ರಿಲ್‌ನಲ್ಲಿ ಹರ್ಮಿಸ್ ಮತ್ತೆ ಬಂದಿತ್ತು, 1937ಕ್ಕಿಂತಲೂ ಹತ್ತಿರಕ್ಕೆ. ಯುದ್ಧದ ಕಾಲ. ಯಾರ ಕಣ್ಣಿಗೂ ಬೀಳಲಿಲ್ಲ. ಅದು ಗೊತ್ತಾದದ್ದೇ 2003ರ ನಂತರ, ಲೆಕ್ಕವನ್ನು ಹಿಂದಕ್ಕೆ ಓಡಿಸಿದಾಗ.

ಈಗ ಕಂಪ್ಯೂಟರ್. ಅದಕ್ಕೆ ಸಲ್ಲಬೇಕಾದ್ದು ಸಲ್ಲಲಿ, ನನ್ನ ತಕರಾರಿಲ್ಲ. 2003ರ ಅಕ್ಟೋಬರ್ 15ರಂದು ಅಮೆರಿಕದ ಅರಿಜೋನಾದಲ್ಲಿ, ಲೊವೆಲ್ ವೀಕ್ಷಣಾಲಯದ ಬ್ರಯಾನ್ ಸ್ಕಿಫ್ ಅವರಿಗೆ ಅದು ಮತ್ತೆ ಸಿಕ್ಕಿದ್ದು ಎಲೆಕ್ಟ್ರಾನಿಕ್ ಕ್ಯಾಮೆರಾದಿಂದ. ಹಿಂದಿನ ಕಕ್ಷೆಯ ಲೆಕ್ಕ ಹಾಕಿದ್ದು ಯಂತ್ರವೇ. ಸರಿ.

ಆದರೆ ಸಿಕ್ಕಿದ ಕಲ್ಲು ಹರ್ಮಿಸೇ ಅಂತ ಹೇಳಿದ್ದು ಯಾರು? ಕಲ್ಲಿನ ಮೇಲೆ ಹೆಸರು ಬರೆದಿರುತ್ತದಾ? 1937ರ ಅದೇ ಗೆರೆ, ಆಗ ಅಳೆದು ಬರೆದಿಟ್ಟ ಅದೇ ಅಂಕಿಗಳು ಹೇಳಿದವು. ಅಮೆರಿಕದ ಸ್ಟೀವನ್ ಚೆಸ್ಲಿ ಮತ್ತು ಪಾಲ್ ಚೋಡಸ್ ಸುಮಾರು 31 ಸುತ್ತು ಹಿಂದಕ್ಕೆ ಎಣಿಸಿ, ಆ ಹಳೇ ಅಂಕಿಗಳಿಗೆ ತಾಳೆ ಹಾಕಿದರು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಟ್ಯಾಲಿ ಆಯಿತು. ಎದುರಿನ ಲೆಡ್ಜರೇ ಇಲ್ಲದಿದ್ದರೆ ಟ್ಯಾಲಿ ಮಾಡುವುದು ಯಾವುದರ ಜೊತೆ? ಆಮೇಲೆ ಪೋರ್ಟೊ ರಿಕೊದ ಅರೆಸಿಬೊ ಎಂಬ ದೊಡ್ಡ ರೇಡಿಯೊ ದೂರದರ್ಶಕದ ರೇಡಾರ್ ನೋಡಿದಾಗ ಹರ್ಮಿಸ್ ಒಂದಲ್ಲ, ಒಂದೇ ಗಾತ್ರದ ಎರಡು ಕಲ್ಲು ಪರಸ್ಪರ ಸುತ್ತುತ್ತಿವೆ ಅಂತ ತಿಳಿಯಿತು. (ಆ ಅರೆಸಿಬೊ 2020ರ ಡಿಸೆಂಬರ್‌ನಲ್ಲಿ ಕುಸಿದು ಬಿತ್ತು. ಅದೂ ಒಂದು ಸಂಕಟ, ಇನ್ನೊಮ್ಮೆ ಬರೆಯುತ್ತೇನೆ.)

ನಿಮ್ಮ ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಇರಲಿಲ್ಲವಾ? ಯಾರ ದುಡ್ಡು ಅಂತ ಗೊತ್ತಾಗದ ಮೊತ್ತವನ್ನು ಎಸೆಯುವುದಿಲ್ಲ, ಅಲ್ಲಿ ಹಾಕಿ ಇಡುತ್ತೀರಿ. ಕ್ಷುದ್ರಗ್ರಹಗಳ ಲೆಕ್ಕ ಇಡುವ ಕಚೇರಿ, ಅಮೆರಿಕದ ಮ್ಯಾಸಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್‌ನಲ್ಲೂ ಅಂಥದ್ದೇ ಒಂದು ಫೈಲ್ ಇದೆ. ಒಂದೇ ರಾತ್ರಿ ಕಂಡು, ಯಾವ ಕಲ್ಲು ಅಂತ ತಿಳಿಯದ ಚುಕ್ಕೆಗಳನ್ನೆಲ್ಲ ಅದರಲ್ಲಿ ಕಾಪಾಡುತ್ತಾರೆ. 1911ರಲ್ಲಿ ವಿಯೆನ್ನಾದ ಯೋಹಾನ್ ಪಲೀಸಾ ಕಂಡ ‘ಆಲ್ಬರ್ಟ್’ ಎಂಬ ಕ್ಷುದ್ರಗ್ರಹ 89 ವರ್ಷ ಕಾಣೆಯಾಗಿತ್ತು. 2000ದಲ್ಲಿ ಹೊಸದು ಅಂತ ದಾಖಲಾದ ಒಂದು ಕಲ್ಲನ್ನು ನೋಡಿ ಇದು ಆಲ್ಬರ್ಟೇ ಅಂತ ಗುರುತಿಸಿದ್ದು ಅದೇ ಕಚೇರಿಯ ಗ್ಯಾರತ್ ವಿಲಿಯಮ್ಸ್. ಎಂಬತ್ತೊಂಬತ್ತು ವರ್ಷದ ಸಸ್ಪೆನ್ಸ್ ಎಂಟ್ರಿ ಕ್ಲಿಯರ್ ಮಾಡಿದವರಿಗೆ ನೀವು ಮೆಮೊ ಕೊಡುತ್ತೀರಾ?

ಗಾಜಿನ ಪ್ಲೇಟು ಕೂಡಿಟ್ಟವರಿಗೆ ಎರಡು ಪುಟ ಯಾಕೆ ಅಂದಿರಿ. ನಿಜ ಹೇಳಬೇಕೆಂದರೆ ನಾಲ್ಕು ಪುಟ ಕೊಡಬೇಕಿತ್ತು, ಜಾಹೀರಾತು ಬಂತು. ವಿಲಿಯಮಿನಾ ಫ್ಲೆಮಿಂಗ್ ಅಂತ ಒಬ್ಬ ಹೆಣ್ಣುಮಗಳು. ಸ್ಕಾಟ್‌ಲೆಂಡಿನವರು. ಗಂಡ ಬಿಟ್ಟುಹೋದ ಮೇಲೆ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಪಿಕರಿಂಗ್ ಮನೆಯಲ್ಲಿ ಕೆಲಸಕ್ಕೆ ಸೇರಿದ್ದರು. ಅಲ್ಲಿಂದ ವೀಕ್ಷಣಾಲಯಕ್ಕೆ ಬಂದು, ಪ್ಲೇಟುಗಳ ಉಸ್ತುವಾರಿಯೇ ಆದರು. 1898ರಲ್ಲಿ ಬರ್ಲಿನ್‌ನಲ್ಲಿ ಎರೋಸ್ ಎಂಬ ಕ್ಷುದ್ರಗ್ರಹ ಸಿಕ್ಕಿತು. ಭೂಮಿಯ ಹತ್ತಿರ ಬರುವ ಜಾತಿಯಲ್ಲಿ ಮೊದಲು ಸಿಕ್ಕಿದ್ದು ಅದೇ. ಅದು ನಾಲ್ಕು ವರ್ಷದ ಹಿಂದೆಯೇ ಹತ್ತಿರ ಬಂದಿರಬೇಕು ಅಂತ ಲೆಕ್ಕ ಹೇಳಿತು. ಫ್ಲೆಮಿಂಗ್ ಹಳೇ ಪ್ಲೇಟು ತೆಗೆದು, ಭೂತಗನ್ನಡಿ ಹಿಡಿದು ಕೂತರು. ಲಕ್ಷಾಂತರ ಸಾಸಿವೆಯ ನಡುವೆ ಒಂದು ಸಣ್ಣ ಗೀರು ಹುಡುಕುವುದು. 1893, 1894, 1896ರ ಪ್ಲೇಟುಗಳಲ್ಲಿ ಎರೋಸ್ ಸಿಕ್ಕಿತು. ಯಾರೂ ಕೇಳದೇ ಇದ್ದಾಗ ತೆಗೆದಿಟ್ಟ ಪ್ಲೇಟುಗಳು ಅವು. ಇದೇ ನೋಡಿ ನನಗೆ ಇಷ್ಟವಾಗುವುದು.

ಅದೇ ಹಾರ್ವರ್ಡ್‌ನಲ್ಲಿ 1950ರ ದಶಕದಲ್ಲಿ ಡೊನಾಲ್ಡ್ ಮೆಂಜೆಲ್ ಎಂಬ ನಿರ್ದೇಶಕರು ದುಡ್ಡು ಉಳಿಸಲು ಪ್ಲೇಟು ತೆಗೆಯುವುದನ್ನೇ ನಿಲ್ಲಿಸಿದರು. ಹದಿನೈದು ವರ್ಷದ ಹತ್ತಿರಹತ್ತಿರ ಆಕಾಶದ ದಾಖಲೆ ಖಾಲಿ. ಖಗೋಳದವರು ಅದನ್ನು ಇವತ್ತಿಗೂ ‘ಮೆಂಜೆಲ್ ಗ್ಯಾಪ್’ ಅಂತಾರೆ. ಮನುಷ್ಯ ದೊಡ್ಡ ವಿಜ್ಞಾನಿ. ಆದರೆ ಹೆಸರು ಉಳಿದದ್ದು ಖಾಲಿ ಜಾಗಕ್ಕೂ.

ಇನ್ನೂ ನಂಬಿಕೆ ಬರಲಿಲ್ಲ ಅಂದರೆ ಅಪೋಫಿಸ್ ಎಂಬ ಕ್ಷುದ್ರಗ್ರಹದ ಕತೆ ಕೇಳಿ. 2004ರ ಜೂನ್‌ನಲ್ಲಿ ಅರಿಜೋನಾದ ಕಿಟ್ ಪೀಕ್‌ನಿಂದ ಎರಡು ರಾತ್ರಿ ಕಂಡು ಕಳೆದುಹೋಯಿತು. ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದಿಂದ ಮತ್ತೆ ಸಿಕ್ಕಿತು. ದಾರಿ ಲೆಕ್ಕ ಹಾಕಿದರೆ 2029ರ ಏಪ್ರಿಲ್ 13ಕ್ಕೆ ಭೂಮಿಗೆ ಬಡಿಯುವ ಸಾಧ್ಯತೆ ದಿನದಿನಕ್ಕೂ ಏರುತ್ತಿದೆ. ಡಿಸೆಂಬರ್ 27ಕ್ಕೆ 37ರಲ್ಲಿ ಒಂದು ಪಾಲು. ನಮಗೆ ಯಾರಿಗೂ ಇದು ನೆನಪಿಲ್ಲ. ಯಾಕೆಂದರೆ ಹಿಂದಿನ ದಿನವೇ ಸುನಾಮಿ. ಇಡೀ ಪ್ರಪಂಚ ಸಮುದ್ರ ನೋಡುತ್ತಿದ್ದಾಗ ಕೆಲವೇ ಜನ ಈ ಲೆಕ್ಕ ನೋಡುತ್ತಾ ಕೂತಿದ್ದರು. ಭಯ ಇಳಿಸಿದ್ದು ಹೊಸ ದೂರದರ್ಶಕ ಅಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಬೇರೇನೋ ನೋಡುವಾಗ ತೆಗೆದಿದ್ದ ಚಿತ್ರಗಳಲ್ಲಿ ಅಪೋಫಿಸ್ ಮಸುಕಾಗಿ ಬಿದ್ದಿತ್ತು. ಅದನ್ನು ಸೇರಿಸಿದ ಕೂಡಲೇ 2029ರ ಡಿಕ್ಕಿ ಲೆಕ್ಕದಿಂದ ಹೊರಗೆ. ಈಗ ಅದು ಸುಮಾರು 32,000 ಕಿಲೋಮೀಟರ್ ಮೇಲಿಂದ ಹಾದುಹೋಗುತ್ತದೆ ಅಂತ ಖಚಿತ. ನಮ್ಮ ಟಿವಿ ಉಪಗ್ರಹಗಳು ಇರುವುದಕ್ಕಿಂತ ಕೆಳಗೆ! ಒಂಬತ್ತು ತಿಂಗಳ ಹಳೇ ಚಿತ್ರ ಡಿಲೀಟ್ ಆಗಿದ್ದರೆ?

ಟಿವಿ ಅಂದಾಗ ನೆನಪಾಯಿತು. 2025ರ ಫೆಬ್ರವರಿಯಲ್ಲಿ ಇನ್ನೊಂದು ಕಲ್ಲು ಬಡಿಯುವ ಸಾಧ್ಯತೆ ನೂರಕ್ಕೆ ಮೂರರ ಮೇಲೆ ಏರಿತ್ತಲ್ಲ, ಆಗ ನಮ್ಮ ಚಾನೆಲ್‌ಗಳು ಬೆಂಕಿಯ ಗ್ರಾಫಿಕ್ಸ್ ಹಾಕಿ ಕುಣಿದವು. ವಾರದೊಳಗೆ ಅದು ಇಳಿದು ಏನೂ ಇಲ್ಲದಂತಾಯಿತು. ಇಳಿದ ಸುದ್ದಿ ಎಷ್ಟು ಜನ ನೋಡಿದಿರಿ? ಏರಿದ್ದು ಬ್ರೇಕಿಂಗ್, ಇಳಿದದ್ದು ಯಾರಿಗೂ ಬೇಡ.

‘ಇದೆಲ್ಲ ಪರದೇಶದ ಕತೆ’ ಅಂತ ನೀವು ಅನ್ನುವ ಮುಂಚೆ ಮದ್ರಾಸಿಗೆ ಬರೋಣ. 1872ರ ನವೆಂಬರ್ ಕೊನೆಯಲ್ಲಿ ಜರ್ಮನಿಯ ಕ್ಲಿಂಕರ್‌ಫ್ಯೂಸ್ ಎಂಬ ಖಗೋಳಜ್ಞ ಮದ್ರಾಸ್ ವೀಕ್ಷಣಾಲಯದ ಪಾಗ್ಸನ್‌ಗೆ ತಂತಿ ಕಳಿಸಿದರು. ಕಳೆದುಹೋದ ಬೀಲಾ ಧೂಮಕೇತು 27ರಂದು ಭೂಮಿಯನ್ನು ಸವರಿಕೊಂಡು ಹೋಗಿದೆ, ಇಂಥ ನಕ್ಷತ್ರದ ಹತ್ತಿರ ಹುಡುಕು ಅಂತ. ಪಾಗ್ಸನ್ ಹುಡುಕಿದರು. ಒಂದು ಧೂಮಕೇತು ಸಿಕ್ಕಿಯೂ ಸಿಕ್ಕಿತು! ಎರಡು ದಿನ ನೋಡಿದರು. ಆಮೇಲೆ ಮೋಡ. ನಂತರದ ಲೆಕ್ಕದ ಪ್ರಕಾರ ಅದು ಬೀಲಾ ಅಲ್ಲ. ಹಾಗಾದರೆ ಯಾವುದು? ಇವತ್ತಿಗೂ ಸಿಕ್ಕಿಲ್ಲ. ಮೂರನೇ ದಿನದ ಮೋಡ ಎಷ್ಟು ದುಬಾರಿ ಅಂತ ನೋಡಿ. ಆ ಮದ್ರಾಸ್ ವೀಕ್ಷಣಾಲಯವೇ ಕೊಡೈಕೆನಾಲ್ ದಾರಿ ಹಿಡಿದು ಈಗ ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ ಕೂತಿದೆ. ಅಲ್ಲಿನ ಆರ್. ರಾಜಮೋಹನ್ 1988ರಲ್ಲಿ ಕಾವಲೂರಿನಿಂದ ಒಂದು ಕ್ಷುದ್ರಗ್ರಹ ಕಂಡುಹಿಡಿದು, ಅದಕ್ಕೆ ರಾಮಾನುಜನ್ ಹೆಸರು ಬಂತು. ಪಾಗ್ಸನ್ ನಂತರ ನಮ್ಮ ನೆಲದಿಂದ ಕ್ಷುದ್ರಗ್ರಹ ಸಿಗಲು ನೂರು ವರ್ಷದ ಮೇಲಾಯಿತು.

ನಮ್ಮ ಹಿರಿಯರು ಬರೆದಿಡುವುದರಲ್ಲಿ ಹಿಂದೆ ಬಿದ್ದವರಲ್ಲ. ಸೂರ್ಯಗ್ರಹಣದ ದಿನ ಭೂಮಿ ದಾನ ಕೊಟ್ಟರೆ ಕಲ್ಲಿನ ಮೇಲೇ ಕೆತ್ತಿಸಿದರು. ಅಂಥ ಶಾಸನಗಳಿಂದ ಗ್ರಹಣದ ದಾಖಲೆ ಹೆಕ್ಕುವ ಕೆಲಸವನ್ನು ಬೆಂಗಳೂರಿನ ತಾರಾಲಯದ ಬಿ. ಎಸ್. ಶೈಲಜಾ ಮಾಡಿದ್ದಾರೆ. ಕೆಟ್ಟವರು ನಾವು. ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಂಡವರು.

ನಾನೂ ಆ ಪಟ್ಟಿಯಲ್ಲಿದ್ದೇನೆ. ನಮ್ಮಜ್ಜ ಪ್ರತಿ ವರ್ಷದ ಪಂಚಾಂಗದ ಅಂಚಿನಲ್ಲಿ ಮಳೆ ಬರೆಯುತ್ತಿದ್ದರು. ‘ರೋಹಿಣಿ ಎರಡನೇ ಪಾದ, ಹದ ಮಳೆ.’ ‘ಆರಿದ್ರಾ, ಬರೀ ಗಾಳಿ.’ ಮಳೆ ಕೈಕೊಟ್ಟ ವರ್ಷ ಪಕ್ಕದಲ್ಲಿ ‘ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ’ ಅಂತ ಪೆನ್ಸಿಲಿನಲ್ಲಿ ಬೈಗುಳದ ಹಾಗೆ ಗೀಚಿರುತ್ತಿದ್ದರು. ಒಂದೇ ಊರಿನ, ಒಂದೇ ಕೈಯ, ಹತ್ತಿರಹತ್ತಿರ ನಲವತ್ತು ವರ್ಷದ ಮಳೆ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅದನ್ನೆಲ್ಲ ಹಗ್ಗ ಕಟ್ಟಿ ರದ್ದಿಯವನ ತಕ್ಕಡಿಗೆ ಇಟ್ಟವನು ನಾನೇ. ಮೇಲೆ ಚೌಕಾಸಿ ಬೇರೆ ಮಾಡಿದೆ, ಕಿಲೋಗೆ ಐವತ್ತು ಪೈಸೆ ಜಾಸ್ತಿ ಕೊಡಪ್ಪ ಅಂತ. ಈಗ ಮಳೆಯ ಬಗ್ಗೆ ಲೇಖನ ಬಂದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ.

ಫೋನಲ್ಲೇ ಸಿಗುತ್ತೆ ಅಂದ ನಿಮ್ಮ ಮಗನ ಮೇಲೆ ನನಗೆ ಕೋಪ ಇಲ್ಲ. ಒಂದು ಕೆಲಸ ಮಾಡಿ. ಹತ್ತು ವರ್ಷದ ಹಿಂದೆ ಅವನ ಫೋನಿನಲ್ಲಿದ್ದ ಫೋಟೊಗಳನ್ನು ತೋರಿಸಲು ಹೇಳಿ. ನಮ್ಮ ಕಚೇರಿಯಲ್ಲೇ ಒಂದು ಡ್ರಾಯರ್ ತುಂಬ ಫ್ಲಾಪಿಗಳಿವೆ. ಅವುಗಳಲ್ಲಿ ಏನಿದೆ ಅಂತ ನೋಡಲು ಯಂತ್ರವೇ ಇಲ್ಲ. ಹೈಡಲ್‌ಬರ್ಗ್‌ನ ಗಾಜನ್ನು ನೋಡಲು ಒಂದು ಬಲ್ಬು, ಒಂದು ಭೂತಗನ್ನಡಿ ಸಾಕು. ಹಾಗಂತ ಗಾಜು ಸಾಯುವುದಿಲ್ಲ ಅಂತಲ್ಲ. 2016ರ ಜನವರಿಯಲ್ಲಿ ಹಾರ್ವರ್ಡ್‌ನಲ್ಲಿ ನೀರಿನ ಪೈಪು ಒಡೆದು ಸುಮಾರು 61,000 ಪ್ಲೇಟು ನೆನೆದವು. ಅವರು ಒಂದೊಂದನ್ನೂ ಒಣಗಿಸಿ ತೊಳೆಯುವ ಕೆಲಸಕ್ಕೆ ಕೂತರು, ಜೊತೆಗೆ ಸ್ಕ್ಯಾನ್ ಕೂಡ. ಸ್ಕ್ಯಾನ್ ಮಾಡಲಿ, ಬೇಡ ಅಂದವರಾರು? ಆಮೇಲೆ ಮೂಲವನ್ನು ಎಸೆಯಬೇಡಿ ಅನ್ನುವುದಷ್ಟೇ ನನ್ನ ಜಗಳ. ಒಂದು ಸರಕಾರಿ ರೆಕಾರ್ಡ್ ರೂಮಿಗೆ ಹಳೇ ಫೈಲ್ ಕೇಳಲು ಹೋಗಿದ್ದೆ. ‘ಸ್ಕ್ಯಾನ್ ಆಗಿದೆ ಸಾರ್, ಒರಿಜಿನಲ್ ವಿಲೇವಾರಿ ಆಯ್ತು’ ಅಂದರು. ಸ್ಕ್ಯಾನ್ ತೆರೆದರೆ ಅರ್ಧ ಪುಟದ ಮೇಲೆ ಯಾರದೋ ಹೆಬ್ಬೆರಳು.

ಈಗ ನಿಮ್ಮ ಅಟ್ಟ. 34 ವರ್ಷ ಲೆಡ್ಜರ್ ಬರೆದ ಕೈ ಪೇರಿಸಿಟ್ಟದ್ದು ಅಂದರೆ ತಿಂಗಳುವಾರು ಸರಿಯಾಗಿರುತ್ತದೆ ಅಂತ ನನಗೆ ನಂಬಿಕೆ. ನಮ್ಮ ಕಚೇರಿಯ ಬೈಂಡುಗಳಲ್ಲಿ 1983 ಮತ್ತು 1984 ಎರಡೂ ವರ್ಷ ಗೆದ್ದಲು ಪಾಲಾಗಿವೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳಿದ್ದೇನೆ. ಆ ಎರಡು ವರ್ಷದ ಕಟ್ಟು ನಿಮ್ಮಲ್ಲಿ ಇದ್ದರೆ ದಯವಿಟ್ಟು ಒಂದು ಕಾರ್ಡು ಹಾಕಿ. ನಮ್ಮ ಹುಡುಗನೇ ಬಂದು ತೆಗೆದುಕೊಂಡು ಹೋಗುತ್ತಾನೆ. ಬಸ್ಸಿನಿಂದ ಇಳಿದು ನಿಮ್ಮ ಮನೆಗೆ ಹೇಗೆ ಬರಬೇಕು ಅಂತ ಮಾತ್ರ ಬರೆಯಿರಿ. ಮತ್ತೆ, ನೀವು ಅಟ್ಟ ಹತ್ತಬೇಡಿ, ಏಣಿ ಅವನೇ ಹತ್ತಲಿ.

— ಸಂ.